ಥಂಡಿ ಕೆರೆ, ನಾಲ್ಕು ಮಂದಿ, ಒಂದು ಖಣದ ಕ್ಯಾನು

ಚಳಿಗಾಲದ ಬೆಳಗಿನಲ್ಲಿ ಐವತ್ತು ದಾಟಿದ ನಾಲ್ಕು ಮಂದಿ ಚಡ್ಡಿ ಹಾಕಿಕೊಂಡು ಕೆರೆಗೆ ಇಳಿದರೆ ಏನಾದರೊಂದು ಆಗಿಯೇ ಆಗುತ್ತದೆ. ಅದಕ್ಕಾಗಿ ನಾವು ಯಾವ ಪ್ರಯತ್ನವನ್ನೂ ಪಡುವುದಿಲ್ಲ. ಇಳಿಯುತ್ತೇವೆ, ನಡುಗುತ್ತೇವೆ, ಮೇಲೆ ಬರುತ್ತೇವೆ. ಅಷ್ಟರಲ್ಲಿ ಪೇಟೆಯವರು ವಾರಗಟ್ಟಲೆ ಹೇಳಿಕೊಂಡು ನಗುವಂಥದ್ದು ಒಂದು ನಡೆದುಹೋಗಿರುತ್ತದೆ.

ಕೆರೆ ಇರುವುದು ಗೋಕಾಕದಿಂದ ಹುಕ್ಕೇರಿಗೆ ಹೋಗುವ ದಾರಿಯಲ್ಲಿ. ಈಚೆ ದಂಡೆಯಲ್ಲಿ ಒಡ್ಡು, ಅದರ ಮೇಲೆ ಬಸ್ಸಿನ ರಸ್ತೆ, ಕೆಳಗೆ ಬಟ್ಟೆ ಒಗೆಯುವ ಮೆಟ್ಟಿಲು. ಆಚೆ ದಂಡೆಯಲ್ಲಿ ಒಂದು ಹುಣಸೆ ಮರ, ಮರದ ಕೆಳಗೆ ಬಸ್ ಸ್ಟಾಪು. ರಸ್ತೆ ಕೆರೆಗೆ ಅರ್ಧ ಸುತ್ತು ಹಾಕುವುದರಿಂದ ಎರಡೂ ದಂಡೆಗೆ ಒಂದೇ ಬಸ್ಸು ಬರುತ್ತದೆ.

ನಾವು ನಾಲ್ವರಲ್ಲಿ ಒಬ್ಬರು ಗೋಕಾಕದ ಕೋರ್ಟಿನ ವಕೀಲರು. ಇನ್ನೊಬ್ಬರು ಪೇಟೆಯಲ್ಲಿ ಹೆಣ್ಣುಮಕ್ಕಳ ಕುಪ್ಪಸ ಹೊಲಿಯುವ ಟೇಲರ್. ಮೂರನೆಯವರು ಹುಕ್ಕೇರಿ–ಮೂಡಲಗಿ ಬಸ್ಸಿನಲ್ಲಿ ಮೂವತ್ತು ವರ್ಷ ಸೀಟಿ ಊದಿ ನಿವೃತ್ತರಾದ ಕಂಡಕ್ಟರ್; ಅವರನ್ನು ಎಲ್ಲರೂ ಕಾಕಾ ಎನ್ನುತ್ತಾರೆ. ನಾಲ್ಕನೆಯವನು ನಾನು, ಹೈಸ್ಕೂಲಿನ ಗಣಿತ ಮಾಸ್ತರ.

೧. ಎರಡು ನಿಮಿಷ ಅಲುಗಾಡಬಾರದು

ನನ್ನ ಹೆಂಡತಿಯ ತವರು ಆ ಹುಣಸೆ ಮರದ ಹಿಂದಿನ ಹಳ್ಳಿ. ಚಿಕ್ಕಂದಿನಲ್ಲಿ ಬೆನ್ನಿಗೆ ಎಣ್ಣೆಯ ಡಬ್ಬಿ ಕಟ್ಟಿಕೊಂಡು ಈ ಕೆರೆಯಲ್ಲಿ ಈಜು ಕಲಿತವಳು. ಆಮೇಲೆ ಡಬ್ಬಿ ಇಲ್ಲದೆಯೇ ಆಚೆ ದಂಡೆಯಿಂದ ಈಚೆ ದಂಡೆಗೆ ಬಂದು ಹೋಗುತ್ತಿದ್ದಳು. ನನಗೆ ಈಜು ಬರುತ್ತಿರಲಿಲ್ಲ.

"ಇಷ್ಟ ವರ್ಷಾ ಹುಡುಗರಿಗೆ ದೋಣಿ ಲೆಕ್ಕಾ ಕಲಿಸೀರಿ. ಒಂದ ದಿನಾನೂ ಮೊಣಕಾಲ ತೊಯ್ಸಿಕೊಂಡಿಲ್ಲ," ಎಂದು ಕಾಡುತ್ತಿದ್ದಳು. "ನಾ ಕಲಸ್ತೇನಿ ಬರ್ರಿ. ಇಬ್ರೂ ಕೂಡಿ ಆಚಿ ದಂಡಿಗೆ ಹೋಗೂಣು."

"ದೀಪಾವಳಿ ರಜಾದಾಗ ಹೋಗೂಣು," ಎನ್ನುತ್ತಿದ್ದೆ. ಹಾಗೆ ಬಹಳ ದೀಪಾವಳಿಗಳು ಹೋದವು. ಕೊನೆಗೆ ಒಂದು ಮಳೆಗಾಲದಲ್ಲಿ ಅವಳೇ ಹೋದಳು. ಜ್ವರವೆಂದು ಮಲಗಿದವಳು ಹದಿನಾರು ದಿನದಲ್ಲಿ ಮುಗಿದಳು.

ಅವಳು ಇನ್ನೊಂದು ಮಾತು ಹೇಳುತ್ತಿದ್ದಳು: ಥಂಡಿಯ ಬೆಳಗಿನಲ್ಲಿ ಕೆರೆಯ ನೀರು ಥಣ್ಣಗಿರುವುದಿಲ್ಲ, ಮೇಲಿನ ಗಾಳಿ ಥಣ್ಣಗಿರುತ್ತದೆ, ಇಳಿದವರಿಗೆ ಅದು ಗೊತ್ತು. ನಾನು ಒಪ್ಪಿರಲಿಲ್ಲ. ಅವಳು ಹೋದ ಮೇಲಿನ ಮೊದಲ ಜನವರಿಯಲ್ಲಿ, ಇದನ್ನಾದರೂ ಪರೀಕ್ಷಿಸಬೇಕು ಅನ್ನಿಸಿತು. ಶಾಲೆಯ ಪ್ರಯೋಗಾಲಯದಿಂದ ಉಷ್ಣಮಾಪಕ ತಂದೆ. ಬೆಳಿಗ್ಗೆ ಆರೂವರೆಗೆ, ತೊಟ್ಟ ಪ್ಯಾಂಟು ಅಂಗಿಯಲ್ಲೇ ಎದೆಮಟ್ಟದ ನೀರಿನವರೆಗೆ ನಡೆದು, ತಲೆ ಬಗ್ಗಿಸಿ ನಿಂತೆ. ಅಂಕಿ ಸರಿಯಾಗಿ ಬರಬೇಕಾದರೆ ಎರಡು ನಿಮಿಷ ಅಲುಗಾಡಬಾರದು.

ಮೆಟ್ಟಿಲ ಮೇಲೆ ಮೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ಮೂವರಿಗೆ ಕಂಡದ್ದು ಬೇರೆ. ಒಬ್ಬರು ಹಿಂದಿನಿಂದ ನನ್ನ ಕಾಲರು ಹಿಡಿದರು, ಇನ್ನೊಬ್ಬರು ರಟ್ಟೆ ಹಿಡಿದರು. ಮೂರನೆಯವರು ದಂಡೆಯಿಂದಲೇ, "ಬಿಡಬ್ಯಾಡ್ರಿ, ಗಟ್ಟಿ ಹಿಡೀರಿ!" ಎಂದು ಕೂಗುತ್ತಿದ್ದರು. ಅವರು ವಕೀಲರು ಎಂದು ಆಮೇಲೆ ತಿಳಿಯಿತು.

ಕಾಲರು ಹಿಡಿದ ಕಾಕಾ, "ಏನ ಕಷ್ಟ ಇದ್ರೂ ಕುಂತ ಮಾತಾಡೂಣ ಬರ್ರಿ ಮಾಸ್ತರ," ಎಂದರು.

"ಹತ್ತೊಂಬತ್ತು," ಎಂದೆ ನಾನು.

"ಏನ ಹತ್ತೊಂಬತ್ತು?"

"ನೀರು ಹತ್ತೊಂಬತ್ತು ಡಿಗ್ರಿ. ಗಾಳಿ ಹದಿಮೂರು. ಆಕಿ ಹೇಳಿದ್ದು ಖರೆ ಐತಿ."

ರಟ್ಟೆ ಹಿಡಿದಿದ್ದ ಟೇಲರ್ ಕಾಕಾನ ಕಡೆ ನೋಡಿ, "ಥಂಡಿ ತಲಿಗೇರೇತಿ," ಎಂದರು.

ನಾನು ಬಂದದ್ದು ಅಳೆಯಲಿಕ್ಕೆ ಎಂದು ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಅದು ನಿಜವೇ ಆಗಿತ್ತು. ಆದರೆ ಅಳೆದ ಮೇಲೆ ಒದ್ದೆ ಬಟ್ಟೆಯಲ್ಲಿ ಮನೆಗೆ ಹೇಗೆ ಹೋಗುವುದೆಂದು ನಾನು ಯೋಚಿಸಿರಲಿಲ್ಲ ಎಂಬುದನ್ನೂ ಇಲ್ಲಿ ಬರೆಯಬೇಕು.

ವಕೀಲರು ಉಷ್ಣಮಾಪಕವನ್ನು ತಮ್ಮ ಟವೆಲ್ಲಿನಲ್ಲಿ ಸುತ್ತಿ ಇಟ್ಟುಕೊಂಡರು. "ಇದು ನನ್ನ ಹತ್ರ ಇರ್ಲಿ. ನಾಳಿಂದ ದಿನಾ ಬಂದ ಈಜ ಕಲೀರಿ. ಕಲತ ಮ್ಯಾಲ ಕೊಡ್ತೇನಿ."

"ಅದು ಸಾಲೀದರಿ," ಎಂದೆ.

"ನೀವೂ ಸಾಲೀಯವರ ಅದೀರಿ. ಎರಡೂ ಕೂಡೇ ವಾಪಸ್ ಕಳಸ್ತೇವಿ."

೨. ಒಂದು ಸೀಟಿ, ಎರಡು ಸೀಟಿ

ಈಜು ಕಲಿಸುವ ಜವಾಬ್ದಾರಿಯನ್ನು ಕಾಕಾ ವಹಿಸಿಕೊಂಡರು. ಐದು ಲೀಟರಿನ ಖಾಲಿ ಎಣ್ಣೆ ಕ್ಯಾನನ್ನು ನನ್ನ ಸೊಂಟಕ್ಕೆ ಹಗ್ಗದಿಂದ ಕಟ್ಟಿ, ತಾವು ಮುಂದೆ ತೇಲುತ್ತ ಕರೆಯುತ್ತಿದ್ದರು. ಮೂವತ್ತು ವರ್ಷ ಆಡಿದ ಮಾತು ನೀರಿನಲ್ಲೂ ಬಿಟ್ಟಿರಲಿಲ್ಲ.

"ಒಳಗ ಸರೀರಿ ಮಾಸ್ತರ, ಒಳಗ ಸರೀರಿ! ಬಾಗಲದಾಗ ನಿಂದರಬ್ಯಾಡ್ರಿ. ಮುಂದ ಜಾಗಾ ಭಾಳ ಐತಿ!"

ದಿನಾ ಮೆಟ್ಟಿಲಿಳಿಯುವ ಮೊದಲು ಒಬ್ಬೊಬ್ಬರನ್ನೂ ತಡೆದು, "ಬರೇ ಹೋಗೂದೋ, ಹೋಗಿ ಬರೂದೋ?" ಎಂದು ಕೇಳುತ್ತಿದ್ದರು. "ಹೋಗಿ ಬರೂದು," ಎನ್ನದೆ ಯಾರನ್ನೂ ನೀರಿಗೆ ಬಿಡುತ್ತಿರಲಿಲ್ಲ. ಹಳೆಯ ಸೀಟಿ ಕೊರಳಲ್ಲಿ ಇದ್ದೇ ಇರುತ್ತಿತ್ತು. ಬಸ್ಸಿನಲ್ಲಿ ಇದ್ದ ಪದ್ಧತಿಯೇ ಕೆರೆಯಲ್ಲಿಯೂ: ಒಂದು ಸೀಟಿ ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು.

ಫೆಬ್ರವರಿಯ ಒಂದು ಮುಂಜಾನೆ ಐದನೆಯ ಕೈ ಬೀಸುವಾಗ ನಾನು ನೀರು ಕುಡಿದೆ. ಕಾಕಾ ಗಾಬರಿಯಾಗಿ ಒಂದು ಸೀಟಿ, ಉದ್ದಕ್ಕೆ, ಊದಿದರು. ನಾನು ನಿಂತೆ. ಒಡ್ಡಿನ ತಿರುವಿನಲ್ಲಿ ನಿಧಾನವಾಗಿ ಬರುತ್ತಿದ್ದ ಮೂಡಲಗಿ ಬಸ್ಸೂ ನಿಂತಿತು.

"ಯಾಕ ನಿಲ್ಲಿಸಿದಿ?" ಎಂದು ಒಳಗಿನ ಕಂಡಕ್ಟರ್.

"ನೀ ಸೀಟಿ ಹೊಡದಿ, ನಾ ನಿಲ್ಲಿಸಿದೆ," ಎಂದು ಡ್ರೈವರ್.

"ನಾ ಎಲ್ಲಿ ಹೊಡದೇನಿ? ನಿನ್ನ ಕಿವಿ ತೋರಿಸ್ಕೊ ಹೋಗು."

ಗಾಲಿಗೆ ಏನಾದರೂ ಸಿಕ್ಕಿದೆಯೋ ಎಂದು ನೋಡಲು ಆ ಕಂಡಕ್ಟರ್ ಕೆಳಗಿಳಿದು ಬಗ್ಗಿದ. ಅದೇ ಹೊತ್ತಿಗೆ ನಾನು ಕೆಮ್ಮು ನಿಲ್ಲಿಸಿ ಮತ್ತೆ ತೇಲತೊಡಗಿದೆ. ಕಾಕಾ ಖುಷಿಯಿಂದ ಎರಡು ಸೀಟಿ ಊದಿದರು. ನಾನು ಹೊರಟೆ. ಬಸ್ಸೂ ಹೊರಟಿತು. ಕಂಡಕ್ಟರ್ ಒಡ್ಡಿನ ಮೇಲೆ ಉಳಿದ.

"ಏ, ನಾ ಇಲ್ಲೇ ಅದೇನಿ! ನಾ ಇಲ್ಲೇ ಅದೇನಲೇ!" ಎಂದು ಅವನು ಓಡಿದ. ಕಾಕಾ ಒದ್ದೆ ಚಡ್ಡಿಯಲ್ಲಿ ಒಡ್ಡು ಹತ್ತಿ, ಬಸ್ಸಿನ ಹಿಂದೆ ಓಡುತ್ತ ಒಂದು ಸೀಟಿ ಊದಿದ ಮೇಲೆ ಅದು ನಿಂತಿತು.

ಮರುದಿನ ಅದೇ ಡ್ರೈವರ್ ಒಡ್ಡಿನ ಮೇಲೆ ಬಸ್ಸು ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ: "ಕಾಕಾ, ನೀವು ರಿಟೈರ್ ಆಗಿ ಮೂರ ವರ್ಷ ಆತು. ಇನ್ನ ಮ್ಯಾಲ ನೀವು ಎಷ್ಟ ಊದಿದ್ರೂ ನಾ ಗಾಡಿ ನಿಲ್ಲಸಂಗಿಲ್ಲ!"

ಅದನ್ನು ಹೇಳಲಿಕ್ಕೆ ಅವನು ಗಾಡಿ ನಿಲ್ಲಿಸಿದ್ದಾನೆ ಎಂದು ವಕೀಲರು ತೋರಿಸಿಕೊಟ್ಟರು.

೩. ಕಿಸೆ ಮತ್ತು ತೋಳು

ನಮ್ಮ ಈಜುಚಡ್ಡಿಗಳನ್ನು ಹೊಲಿದವರು ಟೇಲರ್. ನಮ್ಮ ಶಾಲೆಯ ಸಮವಸ್ತ್ರ ಹೊಲಿದು ಉಳಿದ ನೀಲಿ ಬಟ್ಟೆಯಲ್ಲಿ ನಾಲ್ವರಿಗೂ ಹೊಲಿದರು. ಹೀಗಾಗಿ ಬೆಳಿಗ್ಗೆ ನಾನು ತೊಡುವುದೂ, ಹತ್ತು ಗಂಟೆಗೆ ನನ್ನ ಎದುರು ಕೂರುವವರು ತೊಡುವುದೂ ಒಂದೇ ಬಟ್ಟೆ. ಪ್ರತಿ ಚಡ್ಡಿಗೂ ಒಂದು ಕಿಸೆ ಇತ್ತು.

"ನೀರಾಗ ಕಿಸೆ ಯಾಕೋ ಮಾರಾಯಾ?" ಎಂದು ವಕೀಲರು ಕೇಳಿದರು.

"ಕಿಸೆ ಇಲ್ಲದ ಚಡ್ಡಿ ಕೊಟ್ರ ಮಂದಿ ನನ್ನ ಅಂಗಡಿಗೆ ಏನ ಅಂದಾರ್ರಿ?"

ಮೊದಲ ದಿನವೇ ವಕೀಲರ ಕಿಸೆಯೊಳಗೆ ಗಾಳಿ ತುಂಬಿ, ಬಲಗಡೆಯ ಸೊಂಟ ಮೇಲೆದ್ದಿತು. ಅವರು ಎಷ್ಟು ಕೈ ಬೀಸಿದರೂ ಇದ್ದಲ್ಲಿಯೇ ಗುಂಡಗೆ ತಿರುಗುತ್ತಿದ್ದರು. ಇವರ ಕೇಸುಗಳೂ ಕೋರ್ಟಿನಲ್ಲಿ ಹೀಗೇ ನಡೆಯುತ್ತವೆ ಎಂದು ಕಾಕಾ ಹೇಳಿದರು. ಮರುದಿನ ಟೇಲರ್ ಎಲ್ಲರ ಕಿಸೆಗೂ ಮುಚ್ಚಳ ಹಚ್ಚಿ ಗುಂಡಿ ಹಾಕಿಕೊಟ್ಟರು. ಮೂವರ ಕಿಸೆ ಖಾಲಿ ಇದ್ದವು. ನಾನು ಮಾತ್ರ ನನ್ನದರಲ್ಲಿ ಒಂದು ವಸ್ತು ಇಟ್ಟುಕೊಳ್ಳತೊಡಗಿದೆ. ಏನೆಂದು ಅವರು ಒಮ್ಮೆ ಕೇಳಿದರು. ನಾನು ಹೇಳಲಿಲ್ಲ. ಮತ್ತೆ ಕೇಳಲಿಲ್ಲ.

ಮಳೆಗಾಲ ಮುಗಿದು ಕೆರೆ ತುಂಬಿದಾಗ ನಾನು ಕ್ಯಾನಿನ ಮೇಲೆ ಭಾರ ಹಾಕದೆ ಈಜುವಂತಾಗಿದ್ದೆ. ಆಗ ಮೊದಲ ಸಲ, ಆಚೆ ದಂಡೆಗೆ ಹೋಗಬೇಕೆಂದು ಅವರಿಗೆ ಹೇಳಿದೆ. ಯಾಕೆ ಎನ್ನುವುದನ್ನೂ ಹೇಳಿದೆ.

"ಹಂಗಾದ್ರ ಕ್ಯಾನ್ ಇರ್ಲಿ," ಎಂದರು ವಕೀಲರು. "ಆದ್ರ ಬಿಳೇ ಕ್ಯಾನ್ ಮಂಜಿನ್ಯಾಗ ಕಾಣಂಗಿಲ್ಲ. ಅದಕ್ಕ ಕೆಂಪಂದು ಏನರ ಸುತ್ತಬೇಕು."

ಟೇಲರ್ ಮೂರನೆಯ ದಿನ ಒಂದು ಕಾಗದದ ಪೊಟ್ಟಣ ತಂದು ನನ್ನ ಮುಂದೆ ಬಿಚ್ಚಿದರು. ಕುಪ್ಪಸ ಹೊಲಿಯುವ ಕೆಂಪು ಖಣ, ಹಸಿರು ಅಂಚು. ನನ್ನ ಹೆಂಡತಿಯದೆಂದು ಗುರುತು ಸಿಕ್ಕಿತು.

"ವೈನಿಯಾರು ಹೊಲಿಯಾಕ ಕೊಟ್ಟಿದ್ರು," ಎಂದರು. "ಆಮ್ಯಾಲ ನೀವು ಒಯ್ಯಾಕ ಬರಲಿಲ್ಲ. ನನಗೂ ಕೇಳಾಕ ಮನಸ್ಸ ಬರಲಿಲ್ಲ. ಕ್ಯಾನಿನ ಅಳತಿಗೆ ಹೊಲದೇನಿ. ಬ್ಯಾಡಂದ್ರ ಬ್ಯಾಡ್ರಿ."

ಅವರಿಗೆ ಬರುವುದು ಒಂದೇ ಕೆಲಸ. ಕ್ಯಾನಿನ ಬಾಯಿ ಬರುವಲ್ಲಿ ದುಂಡನೆಯ ಕೊರಳು, ಮುಂದೆ ನಾಲ್ಕು ಹುಕ್ಕು, ಎರಡೂ ಬದಿಗೆ ಅಂಚು ಹಚ್ಚಿದ ಎರಡು ಪುಟ್ಟ ತೋಳು. ಹಾಕಿ ನೋಡಿದರೆ ಎಲ್ಲಿಯೂ ಒಂದು ನೆರಿಗೆ ಬೀಳಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು ಕೇಳಿದೆ:

"ಕ್ಯಾನಿಗೆ ತೋಳ ಯಾಕ್ರಿ?"

ಟೇಲರ್ ಗಂಭೀರವಾಗಿ ಹೇಳಿದರು: "ತೋಳಿಲ್ಲದ ಕುಪ್ಪಸಾ ವೈನಿಯಾರು ಎಂದೂ ಹೊಲಿಸಿಲ್ಲರಿ."

೪. ಬರೇ ಹೋಗೂದೋ, ಹೋಗಿ ಬರೂದೋ

ಮುಂದಿನ ಜನವರಿಯ ಒಂದು ರವಿವಾರ ನಿಶ್ಚಯವಾಯಿತು. ಹತ್ತನೆಯ ತರಗತಿಗೆ ಅಂದು ಒಂಬತ್ತಕ್ಕೆ ನಾನು ವಿಶೇಷ ತರಗತಿ ಇಟ್ಟಿದ್ದೆ. ಏಳಕ್ಕೆ ನೀರಿಗಿಳಿದರೆ ಸಮಯ ಸಾಕು.

ಯೋಜನೆಯನ್ನು ಎರಡು ಪುಟ ಬರೆದೆ. ಒಡ್ಡಿನ ಎರಡು ಕಡೆ ನಿಂತು ಹುಣಸೆ ಮರಕ್ಕೆ ಕೋನ ಅಳೆದು ದೂರ ತೆಗೆದಿದ್ದೆ: ಮುನ್ನೂರ ನಲವತ್ತು ಮೀಟರು. ಒಂದು ಬೀಸಿಗೆ ಎಂಬತ್ತು ಸೆಂಟಿಮೀಟರು, ಒಟ್ಟು ನಾನೂರ ಇಪ್ಪತ್ತೈದು ಬೀಸು. ಐವತ್ತಕ್ಕೊಮ್ಮೆ ಕ್ಯಾನು ಹಿಡಿದು ವಿಶ್ರಾಂತಿ. ವಕೀಲರು ಕನ್ನಡಕ ಹಾಕಿಕೊಂಡು ಖರೀದಿ ಪತ್ರ ಓದಿದಂತೆ ಓದಿ, "ಎಲ್ಲಾ ಸರಿ ಐತಿ," ಎಂದರು. ಉಷ್ಣಮಾಪಕವನ್ನೂ ಅಂದೇ ಮರಳಿಸಿದರು.

ಮೆಟ್ಟಿಲಿನಲ್ಲಿ ಕಾಕಾ ಎಂದಿನಂತೆ ತಡೆದರು. "ಬರೇ ಹೋಗೂದೋ, ಹೋಗಿ ಬರೂದೋ?"

ನನ್ನ ತಲೆಯಲ್ಲಿ ಆಗಲೇ ಅಂಕಿಗಳು ಓಡುತ್ತಿದ್ದವು. "ಆಚಿ ದಂಡಿಗೆ," ಎಂದೆ.

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಕ್ಯಾನಿನ ಹಗ್ಗವನ್ನು ನನ್ನ ಸೊಂಟಕ್ಕೆ ತಾವೇ ಕಟ್ಟಿ, ಮೇಲೆ ಇನ್ನೊಂದು ಗಂಟು ಹಾಕಿದರು. ಆಮೇಲೆ ಎರಡು ಸೀಟಿ ಊದಿದರು.

ಮಂಜು ನೀರಿನ ಮೇಲೆ ಒಂದು ಮೊಳ ಎತ್ತರಕ್ಕೆ ನಿಂತಿತ್ತು. ಎಡಕ್ಕೆ ವಕೀಲರು, ಬಲಕ್ಕೆ ಟೇಲರ್, ಮುಂದೆ ಕಾಕಾ. "ಮುಂದ ಜಾಗಾ ಐತಿ, ಬರ್ರಿ, ಬರ್ರಿ!" ಇನ್ನೂರರವರೆಗೆ ಎಣಿಸಿದೆ. ಅಲ್ಲಿ, ನಡುಗೆರೆಯಲ್ಲಿ, ಬೆರಳುಗಳು ಮರಗಟ್ಟಿ ನಿಂತುಬಿಟ್ಟೆ. ಹಿಂದಿನಿಂದ ತೇಲಿ ಬಂದ ಕ್ಯಾನು ನನ್ನ ಬೆನ್ನಿಗೆ ಮೆಲ್ಲಗೆ ತಾಗಿತು. ಅದರ ಮೇಲೆ ಕೈ ಇಟ್ಟೆ. ನೆನೆದ ಖಣ ಅಂಗೈಗೆ ಹತ್ತಿತು. ಆಮೇಲೆ ಎಣಿಸಲಿಲ್ಲ. ಮೊಣಕಾಲಿಗೆ ಕೆಸರು ಸಿಕ್ಕಾಗ ದಂಡೆ ಬಂದಿದೆ ಎಂದು ತಿಳಿಯಿತು.

ನಾನು ಹುಣಸೆ ಮರಕ್ಕೆ ಹಣೆ ಊರಿ ನಿಂತೆ. ಮೂವರೂ ಬೇರೆ ಕಡೆ ನೋಡುತ್ತ ಕೂತರು. ಟೇಲರ್ ಕ್ಯಾನನ್ನು ಮಡಿಲಲ್ಲಿಟ್ಟುಕೊಂಡು, ಒಂದೊಂದೇ ತೋಳು ಹಿಂಡಿ ನೀರು ತೆಗೆಯುತ್ತಿದ್ದರು.

ಎಷ್ಟೋ ಹೊತ್ತಿನ ಮೇಲೆ ವಕೀಲರು ಹಲ್ಲು ಕಟಕಟ ಎನ್ನಿಸುತ್ತ ಕೇಳಿದರು: "ಮಾಸ್ತರ, ನಮ್ಮ ಅರಿವಿ ಎಲ್ಲಿ ಅದಾವರಿ?"

ಬಟ್ಟೆಗಳು ಈಚೆ ದಂಡೆಯ ಮೆಟ್ಟಿಲ ಮೇಲಿದ್ದವು. ಟವೆಲ್ಲು, ಫೋನು, ಚಪ್ಪಲಿ, ಎಲ್ಲವೂ. ಮರಳಿ ಈಜುವ ಶಕ್ತಿ ನಾಲ್ವರಲ್ಲಿ ಒಬ್ಬರಿಗೂ ಇರಲಿಲ್ಲ. ನನ್ನ ಎರಡು ಪುಟಗಳನ್ನು ಮನಸ್ಸಿನಲ್ಲಿ ಓದಿದೆ. ಮರಳಿ ಬರುವ ಬಗ್ಗೆ ಒಂದು ಸಾಲೂ ಇರಲಿಲ್ಲ.

"ನಾ ಮೆಟ್ಟಲದಾಗ ಕೇಳಿದ್ನಿ," ಎಂದರು ಕಾಕಾ ಮೆಲ್ಲಗೆ.

ಆಗ ಹುಕ್ಕೇರಿ ಕಡೆಯಿಂದ ಬಸ್ಸಿನ ಸದ್ದು ಕೇಳಿಸಿತು. ಮುಂದಿನ ನಿಲುಗಡೆ ಒಡ್ಡು. ನಮಗೆ ಬೇಕಾದದ್ದು ಅಷ್ಟೇ. ಕಾಕಾ ರಸ್ತೆಗೆ ಬಂದು ನಿಂತು ಒಂದು ಸೀಟಿ ಊದಿದರು. ಡ್ರೈವರ್ ಅವರನ್ನು ಗುರುತಿಸಿ, ನಗುತ್ತ ತಲೆಯಾಡಿಸಿ, "ಇವತ್ತ ಮೋಸ ಹೋಗಂಗಿಲ್ಲ ಕಾಕಾ!" ಎಂದು ಮುಂದೆ ಹೊಡೆದುಕೊಂಡು ಹೋದ.

ಆದರೆ ಕಿಟಕಿಗಳಲ್ಲಿ ನನ್ನ ಹತ್ತನೆಯ ತರಗತಿಯ ಹುಡುಗಿಯರಿದ್ದರು, ನನ್ನದೇ ವಿಶೇಷ ತರಗತಿಗೆ ಹೊರಟವರು. "ನಮ್ಮ ಸರ್ ರೀ! ನಿಲ್ಲಸ್ರಿ, ನಮ್ಮ ಸರ್!" ಎಂಬ ಕೂಗಿಗೆ ಬಸ್ಸು ಮೂವತ್ತು ಮಾರು ದೂರದಲ್ಲಿ ನಿಂತಿತು. ನಾಲ್ಕು ಮಂದಿ, ಶಾಲೆಯ ನೀಲಿ ಚಡ್ಡಿಯಲ್ಲಿ, ಕುಪ್ಪಸ ತೊಟ್ಟ ಕ್ಯಾನು ಹಿಡಿದು ಓಡಿ ಹತ್ತಿದೆವು. ಇಡೀ ಬಸ್ಸು ಎದ್ದು ನಿಂತು, "ನಮಸ್ಕಾರ ಸರ್," ಎಂದಿತು.

ತರಗತಿಯ ಮುಂದಾಳು ಹುಡುಗಿ ಧೈರ್ಯ ಮಾಡಿ ಕೇಳಿದಳು: "ಸರ್, ಆ ದಂಡಿಯಿಂದ ಈಜಿ ಬಂದ್ರಿ?"

"ಹೌದವಾ."

"ಮತ್ತ ವಾಪಸ್ ಹೋಗೂದು?"

ದೋಣಿ ಹೋಗಿ ಬರಲು ಎಷ್ಟು ಹೊತ್ತು ಎಂಬ ಲೆಕ್ಕದಲ್ಲಿ ಬರುವುದನ್ನು ಮರೆತವರಿಗೆಲ್ಲ ನಾನು ಇಪ್ಪತ್ತೆಂಟು ವರ್ಷದಿಂದ ಒಂದು ಅಂಕ ಕಡಿಯುತ್ತ ಬಂದಿದ್ದೇನೆ. ಹಿಂದಿನ ವಾರ ಅವಳಿಗೂ ಕಡಿದಿದ್ದೆ.

"ಒಂದ ಮಾರ್ಕ್ ಕಟ್, ಸರ್," ಎಂದಳು ಅವಳು.

ಬಸ್ಸೆಲ್ಲ ನಕ್ಕಿತು. ನಡುವೆ ಒಂದು ದೊಡ್ಡ ನಗು ಕೇಳಿಸಿತು, ಯಾರದೆಂದು ತಿರುಗಿ ನೋಡಿದೆ. ಮೂವರು ಗೆಳೆಯರೂ ನನ್ನನ್ನೇ ನೋಡುತ್ತಿದ್ದರು. ಅದು ನನ್ನದೇ ಆಗಿತ್ತು.

ಕೂರಲು ಜಾಗವಿರಲಿಲ್ಲ. ಹೆಣ್ಣುಮಕ್ಕಳ ಸೀಟಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ನನ್ನ ಕೈಯಲ್ಲಿದ್ದುದನ್ನು ನೋಡಿದಳು. ಕ್ಯಾನಿಗಿಂತ ಮೊದಲು ಅವಳಿಗೆ ಕಂಡದ್ದು ಖಣ. ಈಚೆ ಸರಿದು, ಕಿಟಕಿಯ ಬಾಜೂ ಜಾಗ ಮಾಡಿ, "ಥಂಡ್ಯಾಗ ಯಾಕ ನಿಂದರಸೀಯೋ ಯಪ್ಪಾ, ಇಲ್ಲಿ ಕುಂದರಸು," ಎಂದಳು. ಕುಳ್ಳಿರಿಸಿದೆ.

ಕಂಡಕ್ಟರ್ ಬಂದ. ಅಂದು ಒಡ್ಡಿನ ಮೇಲೆ ಉಳಿದುಕೊಂಡಿದ್ದವನೇ.

"ಎಷ್ಟ ಮಂದಿ?"

"ಐದು," ಎಂದರು ಕಾಕಾ.

"ನಾಲ್ಕ ಕಾಣಸ್ತೀರಿ."

ಮೂವತ್ತು ವರ್ಷ ತಲೆ ಎಣಿಸಿ ಎಂದೂ ತಪ್ಪದ ಕಾಕಾ ಕಿಟಕಿಯ ಕಡೆ ಬೆರಳು ಮಾಡಿದರು. ಕಂಡಕ್ಟರ್ ಕೊರಳು ನೋಡಿದ, ಹುಕ್ಕು ನೋಡಿದ, ತೋಳು ನೋಡಿದ. ನಗು ತಡೆದುಕೊಂಡು, "ಹೆಣ್ಣಮಕ್ಕಳಿಗೆ ಸರ್ಕಾರದ ಸೊನ್ನೆ ಟಿಕೇಟ ಐತಿ. ಆಧಾರ ಕಾರ್ಡ ತೋರಿಸ್ಬೇಕ್ರಿ," ಎಂದ.

ನಾನು ಕಿಸೆಯ ಗುಂಡಿ ಬಿಚ್ಚಿ, ಅದರಲ್ಲಿದ್ದುದನ್ನು ತೆಗೆದು ಅವನ ಕೈಗೆ ಕೊಟ್ಟೆ. ನನ್ನ ಹೆಂಡತಿಯ ಆಧಾರ ಕಾರ್ಡು. ಮನೆಯಲ್ಲಿರುವ ಅವಳ ಫೋಟೋಗಳಲ್ಲಿ ಲ್ಯಾಮಿನೇಟ್ ಮಾಡಿಸಿದ್ದು, ನೀರಿಗೆ ಕೆಡದ್ದು, ಅದೊಂದೇ.

ಅವನು ಕಾರ್ಡು ನೋಡಿದ. ಕಾಕಾನ ಮುಖ ನೋಡಿದ. ಕಾಕಾ, ಅವಳು ಇಲ್ಲವೆಂಬಂತೆ, ಮೆಲ್ಲಗೆ ತಲೆ ಅಲ್ಲಾಡಿಸಿದರು. ಅವನು ಮಷಿನ್ ಒತ್ತಿ, ಸೊನ್ನೆ ಟಿಕೇಟು ಹರಿದು, ಮಡಚಿ, ಕುಪ್ಪಸದ ಎರಡು ಹುಕ್ಕುಗಳ ನಡುವೆ ಸಿಗಿಸಿದ. ವಕೀಲರು ಅಷ್ಟು ಹೊತ್ತೂ ಕೆರೆಯ ಕಡೆಗೆ ಬಹಳ ಲಕ್ಷ್ಯವಿಟ್ಟು ನೋಡುತ್ತಿದ್ದರು.

"ನಿಮ್ಮ ನಾಲ್ವರದು?" ಎಂದು ಕೇಳಿದ.

ರೊಕ್ಕವಿದ್ದ ನಮ್ಮ ಅಂಗಿಗಳು ಒಡ್ಡಿನ ಮೆಟ್ಟಿಲ ಮೇಲಿದ್ದವು. ಮೂವತ್ತು ವರ್ಷದ ಕಂಡಕ್ಟರು, ಒಬ್ಬ ವಕೀಲರು, ಒಬ್ಬ ಟೇಲರ್, ಒಬ್ಬ ಮಾಸ್ತರ, ಟಿಕೇಟಿಲ್ಲದೆ, ಚಡ್ಡಿಯಲ್ಲಿ, ಗಡಗಡ ನಡುಗುತ್ತ ಒಡ್ಡಿನವರೆಗೂ ನಿಂತೇ ಬಂದೆವು. ಕಿಟಕಿಯ ಬಾಜೂ ಕೂತು, ಟಿಕೇಟು ಇಟ್ಟುಕೊಂಡು, ಮರ್ಯಾದೆಯಿಂದ ಬಂದವಳು ಅವಳೊಬ್ಬಳೇ.